ಕಾಸರಗೋಡಿನ ಕೆ-ಟೆಟ್ ಬೆಂಗಳೂರಿನಲ್ಲಿ ಎಷ್ಟು ಸಲ್ಲುತ್ತದೆ?

ಕಾಸರಗೋಡಿನ ಟೀಚರೊಬ್ಬರು ಮದುವೆಯಾಗಿ ಬೆಂಗಳೂರಿಗೆ ಬಂದಿದ್ದಾರೆ. ಕನ್ನಡ ಮಾಧ್ಯಮದಲ್ಲೇ ಓದಿದವರು. ಕೈಯಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಬಿ.ಎಡ್. ಇದೆ, ಕೇರಳದ ಕೆ-ಟೆಟ್, ಅಂದರೆ ಅಲ್ಲಿನ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದ ಪ್ರಮಾಣಪತ್ರ ಇದೆ. ಭಾನುವಾರ ವಿಜಯನಗರದ ಮನೆಯಲ್ಲಿ ಫೈಲು ಬಿಚ್ಚಿದ ಕೂಡಲೇ ಅವರು ಕೇಳಿದ್ದು ಒಂದೇ: "ಇದನ್ನು ಕರ್ನಾಟಕಕ್ಕೆ ವರ್ಗಾಯಿಸಿಕೊಳ್ಳಲು ಯಾವ ಆಫೀಸಿಗೆ ಹೋಗಬೇಕು ಸರ್?"

ಅಂಥ ಆಫೀಸೇ ಇಲ್ಲ. ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋದರೂ ಜಿಲ್ಲೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಹೋದರೂ ಬೇರೆ ರಾಜ್ಯದ ಟಿಇಟಿಗೆ ಮೊಹರು ಒತ್ತಿ ಇಲ್ಲಿನದಾಗಿಸಿ ಕೊಡುವ ಪದ್ಧತಿಯಿಲ್ಲ. ಕಾಲೇಜಿಗೆ ಆ ವರ್ಷ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) ಮಾನ್ಯತೆ ಇದ್ದರೆ ಬಿ.ಎಡ್. ದೇಶದಾದ್ಯಂತ ಸಲ್ಲುತ್ತದೆ. ಟಿಇಟಿ ಹಾಗಲ್ಲ. ಎನ್‌ಸಿಟಿಇಯ 2011ರ ಮಾರ್ಗಸೂಚಿಯಂತೆ ರಾಜ್ಯದ ಟಿಇಟಿ ಮುಖ್ಯವಾಗಿ ಆ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಕೇಂದ್ರೀಯ ವಿದ್ಯಾಲಯ, ನವೋದಯಗಳಿಗೆ ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿ. ಅನುದಾನರಹಿತ ಖಾಸಗಿ ಶಾಲೆ ಎರಡರಲ್ಲಿ ಯಾವುದನ್ನಾದರೂ ಪರಿಗಣಿಸಬಹುದು. ಆದ್ದರಿಂದ ಯಾವ ಬಗೆಯ ಶಾಲೆ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಕಾಗದ ಜೋಡಿಸಿಕೊಳ್ಳಬೇಕು. ಹೆಚ್ಚಿನವರು ಇದನ್ನೇ ತಿರುಗುಮುರುಗು ಮಾಡುತ್ತಾರೆ.

ಈ ಟೀಚರದ್ದು ಇನ್ನೂ ಒಂದು ತೊಡಕು. ಕೆ-ಟೆಟ್‌ನಲ್ಲಿ ನಾಲ್ಕು ವಿಭಾಗಗಳಿವೆ: ಲೋವರ್ ಪ್ರೈಮರಿ, ಅಪ್ಪರ್ ಪ್ರೈಮರಿ, ಹೈಸ್ಕೂಲು, ನಾಲ್ಕನೆಯದು ಕೆಲವು ಭಾಷಾ ಶಿಕ್ಷಕರಿಗೂ ವಿಶೇಷ ವಿಷಯದವರಿಗೂ. ಇವರು ಪಾಸಾದದ್ದು ಮೂರನೆಯದು. ಕರ್ನಾಟಕದ ಟಿಇಟಿಯಲ್ಲಿ ಇರುವುದು ಎರಡೇ ಪತ್ರಿಕೆ, 1ರಿಂದ 5ಕ್ಕೆ ಒಂದು, 6ರಿಂದ 8ಕ್ಕೆ ಇನ್ನೊಂದು. ಕೇರಳದಲ್ಲಿ ಎಂಟನೇ ತರಗತಿ ಹೈಸ್ಕೂಲಿಗೆ ಸೇರಿದರೆ ಇಲ್ಲಿ ಟಿಇಟಿಯ ಲೆಕ್ಕದಲ್ಲಿ ಅದು 6ರಿಂದ 8ರ ಪದವೀಧರ ಪ್ರಾಥಮಿಕ ಶಿಕ್ಷಕರ ಪಾಲಿಗೆ ಬರುತ್ತದೆ. ಹೀಗಾಗಿ ಅವರ ಪ್ರಮಾಣಪತ್ರಕ್ಕೆ ಇಲ್ಲಿ ಜೋಡಿಯೇ ಇಲ್ಲ. "ಹಾಗಾದರೆ ಒಂದನೇ ಪತ್ರಿಕೆ ಬರೆದುಬಿಡಲಾ?" ಎಂದರು. ಬೇಡ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಬಿ.ಎಡ್. ಒಂದನ್ನೇ ಹಿಡಿದು 1ರಿಂದ 5ನೇ ತರಗತಿಯ ಹುದ್ದೆಗೆ ಹೋಗುವಂತಿಲ್ಲ, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ (ಡಿ.ಎಲ್.ಎಡ್.) ಬೇಕು.

ಯಾರೂ ಮುಂಚಿತವಾಗಿ ನೋಡದ ಗಂಟು ಪದವಿಯ ವಿಷಯಗಳದ್ದು. ಕರ್ನಾಟಕದಲ್ಲಿ ಬಹುಕಾಲ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಎಂದು ಮೂರು ಐಚ್ಛಿಕಗಳನ್ನು ಸಮವಾಗಿ ಓದಿಸಿದರು. ಇಲ್ಲಿನ ನೇಮಕಾತಿ ಅಧಿಸೂಚನೆಗಳು ಕೇಳುವುದೂ ಆ ಜೋಡಣೆಯ ಲೆಕ್ಕದಲ್ಲೇ. ಕೇರಳದ ಮೂರು ವರ್ಷದ ಪದವಿಯಲ್ಲಿ ಇದ್ದದ್ದು ಒಂದು ಮುಖ್ಯ ವಿಷಯ, ಜೊತೆಗೆ ಪೂರಕ ವಿಷಯಗಳು. ಗಣಿತ ಮುಖ್ಯವಾಗಿ, ಭೌತಶಾಸ್ತ್ರ ಪೂರಕವಾಗಿ ಓದಿದವರ ಪದವಿ ಪ್ರಮಾಣಪತ್ರದಲ್ಲಿ ಗಣಿತವೊಂದೇ ಎದ್ದು ಕಾಣುತ್ತದೆ. ಪರಿಶೀಲನೆಯ ಮೇಜಿನಲ್ಲಿ ಫೈಲು ನಿಲ್ಲುವುದು ಇಲ್ಲೇ. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಇರಲಿ. ಯಾವ ವಿಷಯವನ್ನು ಎಷ್ಟು ಸೆಮಿಸ್ಟರು ಓದಿದ್ದೀರಿ ಎಂಬುದಕ್ಕೆ ವಿಶ್ವವಿದ್ಯಾಲಯದಿಂದಲೇ ಒಂದು ಪತ್ರ ಬರೆಸಿಕೊಳ್ಳಿ. ಊರಿನಲ್ಲಿರುವಾಗಲೇ ಮಾಡಿಸಿದರೆ ಸಲೀಸು, ಬೆಂಗಳೂರಿನಿಂದ ಅಂಚೆಯಲ್ಲಿ ಕೇಳಿದರೆ ಕಾಯಬೇಕು.

ಊರಿನಲ್ಲೇ ಮುಗಿಸಬೇಕಾದ್ದು ಬೇರೆಯೂ ಇವೆ. ಕೆ-ಟೆಟ್‌ನ ಫಲಿತಾಂಶದ ಪ್ರಿಂಟೌಟ್ ಪ್ರಮಾಣಪತ್ರವಲ್ಲ. ಅಲ್ಲಿನ ಜಿಲ್ಲಾ ಶಿಕ್ಷಣಾಧಿಕಾರಿಯ (ಡಿಇಒ) ಕಚೇರಿಯಲ್ಲಿ ಮೂಲ ದಾಖಲೆ ತೋರಿಸಿ ಅಸಲು ಪ್ರತಿ ಪಡೆಯಬೇಕು. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಪತ್ರ ಬರೆಸಿ, ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡು ಬನ್ನಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಬರಿಯ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಮನೆಹೆಸರು, ಮದುವೆಯ ನಂತರದ ಕಾಗದದಲ್ಲಿ ಗಂಡನ ಹೆಸರು ಇದ್ದರೆ, ಮೂರೂ ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮಾಡಿಸಿಡಿ. ಕೇರಳದ ಜಾತಿ ಪ್ರಮಾಣಪತ್ರದ ಮೇಲೆ ಇಲ್ಲಿ ಮೀಸಲಾತಿ ಸಿಗದು, ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕಬೇಕು.

ನಮ್ಮ ಟೀಚರಿಗೆ ಹೇಳಿದ್ದು ಸಿಟಿಇಟಿಯ ಎರಡನೇ ಪತ್ರಿಕೆ ಬರೆಯಿರಿ ಎಂದು. ಅದು ರಾಜ್ಯದ ಗಡಿಗೆ ಕಟ್ಟುಬಿದ್ದದ್ದಲ್ಲ. ನಾಳೆ ಗಂಡನಿಗೆ ಹೈದರಾಬಾದಿಗೆ ವರ್ಗವಾದರೂ ಕೇಂದ್ರೀಯ ವಿದ್ಯಾಲಯದ ಅರ್ಜಿಗೆ ಆಗುತ್ತದೆ. 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ಟಿಇಟಿಗೆ ಮೊದಲಿದ್ದ ಏಳು ವರ್ಷದ ಅವಧಿಯನ್ನು 2021ರಲ್ಲಿ ಜೀವಾವಧಿಗೆ ವಿಸ್ತರಿಸಿದ್ದಾರೆ. ಅರ್ಜಿಯಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನೇ ಆರಿಸಬಹುದು, ಎರಡನೆಯದಕ್ಕೆ ಇಂಗ್ಲಿಷ್. ಸರ್ಕಾರಿ ಶಾಲೆಯ ಆಸೆಯೂ ಇದ್ದರೆ ಕರ್ನಾಟಕದ ಟಿಇಟಿಯನ್ನೂ ಕಟ್ಟಲಿ. ಪಠ್ಯ ಹೆಚ್ಚುಕಡಿಮೆ ಒಂದೇ, ಓದು ದಂಡವಾಗದು.