ಚೊಕ್ಕ ಪ್ಲಾಸ್ಮಾಕ್ಕೆ ಬೇಕೆಂದೇ ಧೂಳು ಹಾಕುವುದು ಯಾಕೆ?

ನಮ್ಮ ಲ್ಯಾಬು ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ಚಿಕ್ಕಮ್ಮ ಕೇಳಿದ್ದು ಹೀಗೆ: "ಅಷ್ಟು ಹೊತ್ತು ಪಂಪು ಓಡಿಸಿ ಗಾಳಿಯೆಲ್ಲ ತೆಗೆದೆ, ಒಳಗೆ ಬೆರಳು ತಾಗಿಸೋಕೂ ಬಿಡಲಿಲ್ಲ. ಈಗ ನೀನೇ ಧೂಳು ಉದುರಿಸ್ತೀಯಲ್ಲೋ! ಆರಿಸಿಟ್ಟ ಅಕ್ಕಿಗೆ ಕಲ್ಲು ಬೆರೆಸಿದ ಹಾಗಾಗಲ್ವಾ?"

ಚಿಪ್ ತಯಾರಿಕೆಯಲ್ಲಿರುವ ಗೆಳೆಯರೂ ಇದನ್ನೇ ಬೇರೆ ಮಾತಲ್ಲಿ ಕೇಳುತ್ತಾರೆ. ಅವರಿಗೆ ಧೂಳು ಅಂದರೆ ಬದ್ಧವೈರಿ. 1989ರಲ್ಲಿ ಐಬಿಎಂನ ಗ್ಯಾರಿ ಸೆಲ್ವಿನ್ ಮತ್ತು ಜೊತೆಗಾರರು ಚಿಪ್ ಕೊರೆಯಲು ಬಳಸುವ ಪ್ಲಾಸ್ಮಾದೊಳಗೆ ಲೇಸರ್ ಹಾಯಿಸಿ ನೋಡಿದಾಗ, ಸಿಲಿಕಾನ್ ಬಿಲ್ಲೆಗಳನ್ನು ಕೆಡಿಸುವ ಕಣಗಳು ಪ್ಲಾಸ್ಮಾ ಉರಿಯುವಷ್ಟು ಹೊತ್ತೂ ಅದರ ಅಂಚಿನಲ್ಲಿ ತೇಲುತ್ತಿರುವುದು ಕಂಡಿತ್ತು. ಅವರಿಗೆ ತಲೆನೋವಾದ ಆ ತೇಲಾಟವೇ ನಮಗೆ ಅಳತೆಗೋಲು.

ಎಲೆಕ್ಟ್ರಾನುಗಳೂ, ಎಲೆಕ್ಟ್ರಾನು ಕಳೆದುಕೊಂಡು ಧನವಾದ ಪರಮಾಣುಗಳೂ ಅಂದರೆ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಅನಿಲವೇ ಪ್ಲಾಸ್ಮಾ. ಉರಿಯುವ ಟ್ಯೂಬ್‌ಲೈಟಿನಲ್ಲಿರುವುದೂ ಅದೇ. ನಡುವಿನಲ್ಲಿ ಋಣ, ಧನ ಎರಡೂ ಸಮಸಮ ಇರುತ್ತವೆ. ಗೋಡೆಯ ಹತ್ತಿರ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಹಗುರವಾದ ಎಲೆಕ್ಟ್ರಾನುಗಳು ಮೊದಲು ಹೋಗಿ ಬಡಿದು ಗೋಡೆಯನ್ನು ಋಣವಾಗಿಸುತ್ತವೆ. ಆಮೇಲೆ ಬರುವ ಎಲೆಕ್ಟ್ರಾನುಗಳನ್ನು ಗೋಡೆ ತಳ್ಳುತ್ತದೆ, ಅಯಾನುಗಳನ್ನು ಸೆಳೆಯುತ್ತದೆ. ಹೀಗೆ ಗೋಡೆಗುಂಟ ಕೆಲವೇ ಮಿಲಿಮೀಟರ್ ದಪ್ಪದ, ಮಂಕಾಗಿ ಕಾಣುವ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಚಿಪ್‌ನಲ್ಲಿ ಗೆರೆ ಕೊರೆಯುವ ಅಯಾನುಗಳು ವೇಗ ಪಡೆಯುವುದು ಅಲ್ಲೇ. ಅಂದ ಮೇಲೆ ಆ ಪೊರೆಯಲ್ಲಿ ವಿದ್ಯುತ್ ಕ್ಷೇತ್ರ ಎಲ್ಲಿ ಎಷ್ಟಿದೆ ಎಂದು ತಿಳಿಯಲೇಬೇಕಲ್ಲ?

ಸಣ್ಣ ತಂತಿ ತೂರಿಸಿ ಅಳೆಯುವುದು ಹಳೆಯ ಪದ್ಧತಿ. ಅದಕ್ಕೆ ಲ್ಯಾಂಗ್ಮುಯರ್ ಪ್ರೋಬ್ ಅನ್ನುತ್ತೇವೆ. ಪ್ಲಾಸ್ಮಾದ ನಡುವೆ ಅದು ಒಳ್ಳೆಯ ಉಪಕರಣ. ಆದರೆ ಪ್ಲಾಸ್ಮಾದ ಪಾಲಿಗೆ ತಂತಿಯೂ ಗೋಡೆಯೇ, ಅದರ ಸುತ್ತಲೂ ಪೊರೆ ಕಟ್ಟುತ್ತದೆ. ಅಂಚಿಗೆ ತಂದರೆ ಅಳೆಯಬೇಕಾದ ಪೊರೆ ಯಾವುದು, ತಂತಿ ಹುಟ್ಟಿಸಿದ ಪೊರೆ ಯಾವುದು ಎಂದು ಬಿಡಿಸಲು ಬರುವುದಿಲ್ಲ. ಒಂದು ಚಮಚ ಕಾಫಿಯ ಬಿಸಿ ನೋಡಲು ತಣ್ಣನೆಯ ಸೌಟು ಅದ್ದಿದ ಹಾಗೆ.

ಅದಕ್ಕೇ ಧೂಳು. ನಾವು ಹಾಕುವುದು ಬೀದಿಯ ಧೂಳಲ್ಲ. ಹೋಟೆಲಿನ ಮೆಲಮೈನ್ ತಟ್ಟೆ ಇದೆಯಲ್ಲ, ಅದೇ ಜಾತಿಯ ಪ್ಲಾಸ್ಟಿಕ್ಕಿನ ದುಂಡನೆಯ ಕಣಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಅಡ್ಡಳತೆ 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಪಾಲು) ಇದ್ದರೆ ಒಂದು ಗ್ರಾಂಗೆ ಸುಮಾರು 125 ಕೋಟಿ ಕಣ. ಉಪ್ಪಿನ ಡಬ್ಬಿಯಂಥ ಸಣ್ಣ ಡಬ್ಬಿಯಿಂದ ಚಿಟಿಕೆಯಷ್ಟು ಉದುರಿಸುತ್ತೇವೆ. ಒಂದೊಂದು ಕಣವೂ ಹತ್ತು ಸಾವಿರದಷ್ಟು ಎಲೆಕ್ಟ್ರಾನುಗಳನ್ನು ಮೈಗಂಟಿಸಿಕೊಂಡು ಋಣವಾಗುತ್ತದೆ. ಕೆಳಗಿನ ಎಲೆಕ್ಟ್ರೋಡಿನ, ಅಂದರೆ ಪ್ಲಾಸ್ಮಾಕ್ಕೆ ವಿದ್ಯುತ್ ಕೊಡುವ ಲೋಹದ ಬಿಲ್ಲೆಯ, ಕ್ಷೇತ್ರ ಅದನ್ನು ಮೇಲಕ್ಕೆ ತಳ್ಳುತ್ತದೆ, ಭೂಮಿ ಕೆಳಕ್ಕೆಳೆಯುತ್ತದೆ. ಎರಡೂ ಸರಿತೂಗಿದ ಎತ್ತರದಲ್ಲಿ ಕಣ ನಿಂತುಬಿಡುತ್ತದೆ.

ಇದು ತಕ್ಕಡಿಯೇ. ಒಂದು ತಟ್ಟೆಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ತೂಕ, ಇನ್ನೊಂದರಲ್ಲಿ ಗೊತ್ತಿಲ್ಲದ ಕ್ಷೇತ್ರ. ಹತ್ತು ಮೈಕ್ರಾನಿನ ಕಣ ನಿಂತ ಜಾಗದಲ್ಲಿ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು 50 ವೋಲ್ಟ್ ಇರಲೇಬೇಕು, ಇಲ್ಲದಿದ್ದರೆ ಅದು ಬೀಳುತ್ತಿತ್ತು. ಅಡ್ಡಳತೆ ಅರ್ಧ ಮಾಡಿದರೆ ತೂಕ ಎಂಟರಲ್ಲೊಂದು ಪಾಲಾಗುತ್ತದೆ, ಚಾರ್ಜು ಮಾತ್ರ ಅರ್ಧಕ್ಕಿಳಿಯುತ್ತದೆ. ಕಾಲು ಭಾಗದಷ್ಟು ಕ್ಷೇತ್ರವೇ ಅದಕ್ಕೆ ಸಾಕು, ಆದ್ದರಿಂದ ಇನ್ನೂ ಮೇಲೆ ನಿಲ್ಲುತ್ತದೆ. ಬೇರೆ ಬೇರೆ ಅಳತೆಯ ಕಣ ಬಿಟ್ಟರೆ ಪೊರೆಯ ಒಂದೊಂದು ಎತ್ತರದ ಲೆಕ್ಕವೂ ಸಿಗುತ್ತದೆ.

ನಿಜ ಹೇಳಬೇಕೆಂದರೆ, ತೊಡಕು ಇರುವುದು ಇಲ್ಲೇ. ತಕ್ಕಡಿ ಹೇಳುವುದು ಚಾರ್ಜು ಮತ್ತು ಕ್ಷೇತ್ರದ ಗುಣಲಬ್ಧವನ್ನಷ್ಟೇ. ಮೇಲೆ ನಾನು ಹತ್ತು ಸಾವಿರ ಎಂದೆನಲ್ಲ, ಅದನ್ನೂ ಬೇರೆ ದಾರಿಯಿಂದ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಎಲೆಕ್ಟ್ರೋಡಿನ ವೋಲ್ಟೇಜನ್ನು ಮೆಲ್ಲಗೆ ಅಲುಗಿಸುತ್ತೇವೆ. ಸೆಕೆಂಡಿಗೆ ಹತ್ತಿಪ್ಪತ್ತು ಸಲದ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ ಕಣ ಇದ್ದಕ್ಕಿದ್ದಂತೆ ಜೋರಾಗಿ ಕುಣಿಯುತ್ತದೆ, ಉಯ್ಯಾಲೆಗೆ ಸರಿಯಾದ ಹೊತ್ತಿಗೆ ತಳ್ಳು ಬಿದ್ದ ಹಾಗೆ. ಸೆಕೆಂಡಿಗೆ ಎಷ್ಟು ಸಲದಲ್ಲಿ ಹೀಗೆ ಕುಣಿಯಿತು ಎಂಬುದರಿಂದ ಚಾರ್ಜಿನ ಲೆಕ್ಕ ಹಾಕಬಹುದು. ಜರ್ಮನಿಯ ಕೀಲ್‌ನಲ್ಲಿ ಮೆಲ್ಜರ್, ಟ್ರಾಟನ್‌ಬರ್ಗ್, ಪೀಲ್ 1994ರಲ್ಲಿ ತೋರಿಸಿಕೊಟ್ಟ ದಾರಿ ಇದು. ಆದರೂ ಕ್ಷೇತ್ರ ಹೇಗೆ ಏರುತ್ತದೆ ಎಂಬ ಊಹೆಯೊಂದು ಲೆಕ್ಕದಲ್ಲಿ ಉಳಿದಿತ್ತು.

ಆ ಊಹೆಯನ್ನೂ ಬಿಡಿಸಿದ ಪ್ರಯೋಗ ನನಗೆ ತುಂಬ ಪ್ರೀತಿಯದ್ದು. ನೆದರ್ಲೆಂಡ್ಸಿನ ಐಂಡ್‌ಹೋವನ್ ಮತ್ತು ಕೀಲ್‌ನವರು ಕೂಡಿ ಇಡೀ ಪ್ಲಾಸ್ಮಾ ಚೇಂಬರನ್ನೇ ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜಿನಲ್ಲಿ ಕೂರಿಸಿದರು. ತಿರುಗಿದಷ್ಟೂ ಕಣ ಭಾರವಾಗಿ ಪೊರೆಯೊಳಕ್ಕೆ ಇಳಿಯುತ್ತದೆ. ಒಂದೇ ಕಣ, ತೂಕ ಮಾತ್ರ ಬೇಕಾದಷ್ಟು! 2011ರಲ್ಲಿ ಅವರು ಕ್ಷೇತ್ರವನ್ನೂ ಚಾರ್ಜನ್ನೂ ಬೇರೆ ಬೇರೆಯಾಗಿ ಪ್ರಕಟಿಸಿದರು. ಎಲೆಕ್ಟ್ರೋಡಿಗೆ ಹತ್ತಿರವಾದಂತೆ ಕಣದ ಚಾರ್ಜು ಕಡಿಮೆಯಾಗುತ್ತಿತ್ತು. ಅಲ್ಲಿ ಎಲೆಕ್ಟ್ರಾನುಗಳೇ ವಿರಳ, ಅಂಟಿಕೊಳ್ಳಲು ಏನಿದೆ?

ಇಷ್ಟನ್ನೆಲ್ಲ ಚಿಕ್ಕಮ್ಮನಿಗೆ ಬಾಯಲ್ಲಿ ಹೇಳಲಿಲ್ಲ. ದೀಪ ಆರಿಸಿ, ಹಸಿರು ಲೇಸರನ್ನು ಹಾಳೆಯಂತೆ ಹರಡಿ, ಕಿಟಕಿಯ ಹತ್ತಿರ ಕರೆದೆ. ನೇರಳೆ ಬೆಳಕಿನ ಕೆಳಗೆ, ಮಂಕು ಪೊರೆಯ ಮೇಲಂಚಿನಲ್ಲಿ, ಚುಕ್ಕಿ ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ ಕಣಗಳು ಸಮ ದೂರದಲ್ಲಿ ನಿಂತಿದ್ದವು. "ಇವು ಬೀಳಲ್ವೇನೋ?" ಅಂದರು. ಸ್ವಿಚ್ಚು ತೋರಿಸಿ ಅವರ ಕೈಯಲ್ಲೇ ಆರಿಸಿದೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. "ಇನ್ನೊಂದ್ಸಲ ಹಾಕು, ನೋಡ್ತೀನಿ" ಅಂದರು.