ಆ್ಯನ್ ಆರ್ಬರ್‌ನ ಪಟ್ಟಿಯಲ್ಲಿ ನಲವತ್ತು ವರ್ಷ

ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಂಟನ್‌ನಲ್ಲಿರುವ ಮಗಳ ಮನೆಯಿಂದ ಆ್ಯನ್ ಆರ್ಬರ್‌ಗೆ ಎಂ-14 ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ. ಅಕ್ಟೋಬರ್ ಬಂದಿತ್ತು, ಮೇಪಲ್ ಮರಗಳು ಕೆಂಪಗೆ ಹತ್ತಿ ಉರಿಯುತ್ತಿದ್ದವು. ಮೊಮ್ಮಗಳು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಟಿಕೆಟ್ ತೆಗೆದಿಟ್ಟಿದ್ದಳು. ನಾನು ಒಂದು ದಿನ ಮೊದಲೇ ಹೊರಟೆ, ನನಗೆ ನೋಡಬೇಕಾದದ್ದು ಬೇರೆಯೇ ಇತ್ತು.

ಕ್ಯಾಂಪಸ್ಸಿನ ನಡುವೆ ‘ಡಯಾಗ್’ ಎಂಬ ವಿಶಾಲವಾದ ಅಂಗಳವಿದೆ. ಅದರ ಮಧ್ಯೆ ನೆಲಕ್ಕೆ ಕಂಚಿನ ದೊಡ್ಡ ‘ಎಂ’ ಅಕ್ಷರ ಕೂರಿಸಿದ್ದಾರೆ. 1953ರಲ್ಲಿ ಪದವಿ ಪಡೆದ ವಿದ್ಯಾರ್ಥಿಗಳು ಕೊಟ್ಟ ಕಾಣಿಕೆ ಅದು. ಹತ್ತಿರ ಹೋಗುತ್ತಿದ್ದಂತೆ ಮೊಮ್ಮಗಳು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಅಜ್ಜಾ, ತುಳೀಬೇಡಿ. ಮೊದಲನೇ ಪರೀಕ್ಷೆಗೆ ಮುಂಚೆ ಅದನ್ನ ತುಳಿದ್ರೆ ಫೇಲ್ ಆಗ್ತಾರಂತೆ.” ಪರೀಕ್ಷೆ ಅವಳದು, ಆದರೂ ನಾನು ಹೊಸಿಲು ದಾಟುವವನ ಹಾಗೆ ಎಚ್ಚರದಿಂದ ಸುತ್ತಿ ನಡೆದೆ. ಅಲ್ಲಿ ಓಡಾಡುತ್ತಿದ್ದ ನೂರಾರು ಹುಡುಗರಲ್ಲೂ ಹಲವರು ಹಾಗೇ ಬಳಸಿ ಹೋಗುತ್ತಿದ್ದರು.

ಈ ಅಕ್ಷರವನ್ನು ಎದೆಯ ಮೇಲೆ ಧರಿಸಲು ಮಾತ್ರ ಆಡಿ ಗಳಿಸಬೇಕು. ಅಮೆರಿಕದ ಕಾಲೇಜುಗಳಲ್ಲಿ ಮುಖ್ಯ ತಂಡದ ಪರವಾಗಿ ಒಂದು ಋತುವಿನಲ್ಲಿ ಸಾಕಷ್ಟು ಆಡಿದವನಿಗೆ ಕಾಲೇಜಿನ ಅಕ್ಷರ ಕೊಡುತ್ತಾರೆ. ತಂಡದಲ್ಲಿ ಹೆಸರಿದ್ದರೆ ಸಾಲದು, ಅಂಗಳಕ್ಕೆ ಇಳಿದಿರಬೇಕು. 1865ರಲ್ಲಿ ಹಾರ್ವರ್ಡ್‌ನ ಬೇಸ್‌ಬಾಲ್ ಹುಡುಗರು ಅಂಗಿಯ ಮೇಲೆ ‘ಎಚ್’ ಹೊಲಿಸಿಕೊಂಡದ್ದೇ ಇದರ ಮೂಲ ಎನ್ನುತ್ತಾರೆ. ನಮ್ಮಲ್ಲಿ ‘ಯೂನಿವರ್ಸಿಟಿ ಬ್ಲೂ’ ಇದ್ದ ಹಾಗೆಯೇ ಇದು. ನಮ್ಮಣ್ಣ ಮೈಸೂರು ವಿಶ್ವವಿದ್ಯಾಲಯಕ್ಕೆ ಕಬಡ್ಡಿ ಆಡಿ ಬ್ಲೂ ಪಡೆದವನು. ಆ ಬ್ಲೇಜರ್ ಅವನ ಮೈಗೆ ಹಿಡಿಯದೆ ಎಷ್ಟೋ ವರ್ಷವಾಯಿತು, ಇವತ್ತಿಗೂ ಅತ್ತಿಗೆ ಅದನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ನುಸಿಗುಳಿಗೆ ಇಟ್ಟು ಮಡಚುತ್ತಾಳೆ. ಆ ಬ್ಲೇಜರ್ ನೋಡಿಕೊಂಡು ಬೆಳೆದದ್ದಕ್ಕೇ ಇರಬೇಕು, ಅಕ್ಷರ ಗಳಿಸಿದವರ ಪಟ್ಟಿಯನ್ನು ಓದಬೇಕೆಂದು ನನಗೆ ಅನ್ನಿಸಿದ್ದು.

ಉತ್ತರ ಕ್ಯಾಂಪಸ್ಸಿನ ಬೀಲ್ ಅವೆನ್ಯೂದಲ್ಲಿ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿ ಇದೆ. ವಿಶ್ವವಿದ್ಯಾಲಯದ ಹಳೆಯ ಕಾಗದಪತ್ರವೆಲ್ಲ ಇರುವುದು ಅಲ್ಲಿ. ಕ್ರೀಡಾ ವಿಭಾಗದ ದಾಖಲೆ, ತಂಡಗಳ ಫೋಟೋ, ವರ್ಷವಾರು ಆಟಗಾರರ ಹೆಸರು ಎಲ್ಲವೂ ಸಿಗುತ್ತವೆ. ಮಿಶಿಗನ್ ಫುಟ್‌ಬಾಲ್ ಶುರುವಾದದ್ದು 1879ರಲ್ಲಿ. ಪಟ್ಟಿಯಲ್ಲಿ ಹೆಸರು, ಅದರ ಮುಂದೆ ಅಕ್ಷರ ಗಳಿಸಿದ ವರ್ಷಗಳು, ಅಷ್ಟೆ. ಮತದಾರರ ಪಟ್ಟಿಯಷ್ಟು ಒಣ ಬರಹ. ಆದರೆ ಬೆರಳಿಟ್ಟು ನಿಧಾನವಾಗಿ ಓದುತ್ತ ಹೋದರೆ ವರ್ಷಗಳೇ ಮಾತಾಡತೊಡಗುತ್ತವೆ.

1901ನ್ನೇ ನೋಡಿ. ಫೀಲ್ಡಿಂಗ್ ಯೋಸ್ಟ್ ಕೋಚ್ ಆಗಿ ಬಂದ ಮೊದಲ ವರ್ಷ. ಆ ತಂಡ ಹನ್ನೊಂದು ಪಂದ್ಯಗಳಲ್ಲಿ 550 ಅಂಕ ಗಳಿಸಿತು, ಎದುರಾಳಿಗೆ ಒಂದೂ ಬಿಟ್ಟುಕೊಡಲಿಲ್ಲ. 1902ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ನಡೆದ ಮೊತ್ತಮೊದಲ ರೋಸ್ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡನ್ನು 49-0ರಿಂದ ಸೋಲಿಸಿದಾಗ ಆರಂಭದಿಂದ ಕೊನೆಯವರೆಗೂ ಆಡಿದ್ದು ಅದೇ ಹನ್ನೊಂದು ಮಂದಿ. ದಾಳಿಗೂ ಅವರೇ, ರಕ್ಷಣೆಗೂ ಅವರೇ. ಇವತ್ತಿನಂತೆ ದಾಳಿಗೊಂದು, ರಕ್ಷಣೆಗೊಂದು ತಂಡ ಇಳಿಯುವ ಪದ್ಧತಿ ಆಗಿರಲಿಲ್ಲ. ಹಾಗಾಗಿ ವರ್ಷಕ್ಕೆ ಅಕ್ಷರ ಸಿಗುತ್ತಿದ್ದದ್ದೂ ಕೆಲವರಿಗೇ.

ಆ ಪಟ್ಟಿಯಲ್ಲಿ ಯೋಸ್ಟ್‌ಗಿಂತ ಮುಂಚಿನ ಒಂದು ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು. ಜಾರ್ಜ್ ಜುವೆಟ್, 1890 ಮತ್ತು 1892. ಆ್ಯನ್ ಆರ್ಬರ್‌ನಲ್ಲೇ ಬೆಳೆದವರು, ಕಮ್ಮಾರನ ಮಗ. ಹೈಸ್ಕೂಲಿನಲ್ಲಿ ಇಡೀ ತರಗತಿಗೆ ಮೊದಲಿಗರು. ಮಿಶಿಗನ್ ಫುಟ್‌ಬಾಲ್‌ನಲ್ಲಿ ಅಕ್ಷರ ಗಳಿಸಿದ ಮೊದಲ ಕಪ್ಪು ಆಟಗಾರ ಅವರೇ. ಮುಂದೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಗೂ ಆಡಿದರು, ವೈದ್ಯರಾದರು, 1908ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು.

ಅವರ ನಂತರದ ಕಪ್ಪು ಆಟಗಾರನ ಹೆಸರಿಗಾಗಿ ನಾನು ಪುಟ ತಿರುಗಿಸುತ್ತ ಹೋದೆ. 1900, 1910, 1920. ರಾಷ್ಟ್ರ ಚಾಂಪಿಯನ್ನರು ಬಂದರು, ಯುದ್ಧಕ್ಕೆ ಹೋದ ಹುಡುಗರು ಬಂದರು, ಸಾಲುಸಾಲು ಹೆಸರುಗಳು ಬಂದವು. ನಾನು ಹುಡುಕುತ್ತಿದ್ದ ಹೆಸರು ಸಿಕ್ಕಿದ್ದು 1932ರಲ್ಲಿ, ವಿಲ್ಲಿಸ್ ವಾರ್ಡ್. ನಡುವೆ ನಲವತ್ತು ವರ್ಷ. ಇಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ನಲವತ್ತು ವರ್ಷ ಆಡಬಲ್ಲ ಒಬ್ಬ ಕಪ್ಪು ಹುಡುಗನೂ ಇರಲಿಲ್ಲವೇ? ಇದ್ದಿರಲೇಬೇಕು. ಬಾಗಿಲು ಮುಚ್ಚಿತ್ತು. ಯೋಸ್ಟ್ ಅವರ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದವರ ಸೇನೆಯಲ್ಲಿ ಹೋರಾಡಿದ ಸೈನಿಕ. ಮಗ ಕೋಚ್ ಆಗಿದ್ದಷ್ಟು ಕಾಲ ಕಪ್ಪು ಆಟಗಾರನೊಬ್ಬನೂ ಅಕ್ಷರ ಗಳಿಸಲಿಲ್ಲ. ಯೋಸ್ಟ್ ಆಮೇಲೆ ಕ್ರೀಡಾ ನಿರ್ದೇಶಕರಾದರು. ಅವರ ವಿರೋಧವಿದ್ದರೂ ವಾರ್ಡ್‌ರನ್ನು ತಂಡಕ್ಕೆ ತಂದವರು ಕೋಚ್ ಹ್ಯಾರಿ ಕಿಪ್ಕಿ.

ವಾರ್ಡ್ ಹೆಸರಿನ ಮುಂದೆ ಮೂರು ವರ್ಷಗಳಿವೆ: 1932, 1933, 1934. ಅದೇ ಮೂರು ವರ್ಷಗಳು ಇನ್ನೊಂದು ಹೆಸರಿನ ಮುಂದೆಯೂ ಇವೆ. ಜೆರಾಲ್ಡ್ ಫೋರ್ಡ್, ‘ಸೆಂಟರ್’ ಸ್ಥಾನದ ಆಟಗಾರ, ಅಂಗಿ ಸಂಖ್ಯೆ 48. ಮುಂದೆ ಅಮೆರಿಕದ ಅಧ್ಯಕ್ಷರಾದವರು. ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಆದ್ದರಿಂದ ಮೂರು ಅಕ್ಷರವೇ ಮಿತಿ. ಇಬ್ಬರೂ ಗೆಳೆಯರು, ಹೊರಊರಿನ ಪಂದ್ಯಗಳಿಗೆ ಹೋದಾಗ ಒಂದೇ ಕೋಣೆಯಲ್ಲಿ ಉಳಿಯುತ್ತಿದ್ದರು.

1934ರ ಅಕ್ಟೋಬರ್ 20ರಂದು ದಕ್ಷಿಣದ ಕಾಲೇಜಾದ ಜಾರ್ಜಿಯಾ ಟೆಕ್‌ನ ತಂಡ ಆ್ಯನ್ ಆರ್ಬರ್‌ಗೆ ಬರುವುದಿತ್ತು. ಕಪ್ಪು ಆಟಗಾರ ಅಂಗಳದಲ್ಲಿದ್ದರೆ ನಾವು ಆಡುವುದಿಲ್ಲ ಎಂದರು ಅವರು. ವಿದ್ಯಾರ್ಥಿಗಳು ಸಭೆ ಸೇರಿ ಪ್ರತಿಭಟಿಸಿದರು. ಆದರೂ ವಿಶ್ವವಿದ್ಯಾಲಯ ಬಗ್ಗಿತು, ವಾರ್ಡ್‌ರನ್ನು ಹೊರಗಿಟ್ಟಿತು. ‘ಸರಿಸಮ’ ಮಾಡಲೆಂದು ಜಾರ್ಜಿಯಾ ಟೆಕ್ ಕೂಡ ತನ್ನ ಒಬ್ಬ ಆಟಗಾರನನ್ನು ಕೂರಿಸಿತು. ಓದುತ್ತ ನನಗೆ ಹೊಟ್ಟೆ ಉರಿದದ್ದು ಇಲ್ಲೇ: ಅನ್ಯಾಯವನ್ನು ತಕ್ಕಡಿಯಲ್ಲಿಟ್ಟು ತೂಗಿ ಹಂಚಿಕೊಂಡಿದ್ದಾರೆ. ಫೋರ್ಡ್ ತಾನೂ ಆಡುವುದಿಲ್ಲವೆಂದು ಹೊರಟಿದ್ದರು, ಆಡು ಎಂದು ಒಪ್ಪಿಸಿದವರು ವಾರ್ಡ್ ಅವರೇ. ಮಿಶಿಗನ್ 9-2ರಿಂದ ಗೆದ್ದಿತು. ಎಂಟು ಪಂದ್ಯಗಳ ಆ ಋತುವಿನಲ್ಲಿ ಗೆದ್ದದ್ದು ಅದೊಂದೇ.

ವಾರ್ಡ್ ಸಾಮಾನ್ಯ ಆಟಗಾರರಲ್ಲ. 1935ರಲ್ಲಿ ಒಳಾಂಗಣದ ಓಟದಲ್ಲಿ ಹೆಸರಾಂತ ಓಟಗಾರ ಜೆಸ್ಸಿ ಓವೆನ್ಸ್‌ರನ್ನೇ ಹಿಂದೆ ಹಾಕಿದವರು. ಆದರೆ ಆ ಪಂದ್ಯದ ಪೆಟ್ಟು ತನ್ನ ಹುರುಪನ್ನೇ ಆರಿಸಿತೆಂದು ಮುಂದೆ ಹೇಳಿಕೊಂಡರು. ವಕೀಲರಾದರು, ನ್ಯಾಯಾಧೀಶರಾದರು, 1983ರಲ್ಲಿ ತೀರಿಕೊಂಡರು. ಫೋರ್ಡ್ ಮಾತ್ರ ಅದನ್ನು ಮರೆಯಲಿಲ್ಲ. ಜನಾಂಗವನ್ನೂ ಪರಿಗಣಿಸುತ್ತಿದ್ದ ವಿಶ್ವವಿದ್ಯಾಲಯದ ಪ್ರವೇಶ ನೀತಿಯ ಮೇಲೆ ಮೊಕದ್ದಮೆ ನಡೆಯುತ್ತಿದ್ದಾಗ, 1999ರಲ್ಲಿ, ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದಲ್ಲಿ ಅರವತ್ತೈದು ವರ್ಷ ಹಿಂದಿನ ಗೆಳೆಯನನ್ನು ನೆನೆದರು.

ಪಟ್ಟಿಯಲ್ಲಿ ಇದ್ಯಾವುದೂ ಇಲ್ಲ. ವಾರ್ಡ್ ಹೆಸರಿನ ಮುಂದೆ 1934 ಎಂದಿದೆ, ಫೋರ್ಡ್ ಹೆಸರಿನ ಮುಂದೆಯೂ 1934 ಎಂದಿದೆ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಎರಡು ಸಾಲುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಹೊರಗೆ ಬಂದೆ. ಪಕ್ಕದಲ್ಲೇ ಫೋರ್ಡ್ ಅವರ ಹೆಸರಿನ ಅಧ್ಯಕ್ಷೀಯ ಗ್ರಂಥಾಲಯ. ಹೊತ್ತಾಗಿತ್ತು, ಮುಂದೆ ನಿಂತು ನೋಡಿ ಬಂದೆ. ಜುವೆಟ್ ಅವರಿಗೆ ಸಂದ ಗೌರವ ಇತ್ತೀಚಿನದು. 2021ರಿಂದ ಮಿಶಿಗನ್ ಮತ್ತು ನಾರ್ತ್‌ವೆಸ್ಟರ್ನ್ ನಡುವಿನ ಪಂದ್ಯದ ಟ್ರೋಫಿಗೆ ಅವರ ಹೆಸರಿದೆ.

ಶನಿವಾರ ಊರಿಗೆ ಊರೇ ಹಳದಿ-ನೀಲಿ. ಜಾತ್ರೆಯ ದಿನ ರಥಬೀದಿಯಲ್ಲಿ ನಡೆದ ಹಾಗೆ ಜನರ ಜೊತೆ ಸಾಗಿದರೆ ಸಾಕು, ಕ್ರೀಡಾಂಗಣ ತಾನಾಗಿ ಸಿಗುತ್ತದೆ. 1927ರಲ್ಲಿ ಕಟ್ಟಿದ ಇದಕ್ಕೆ ಜನರಿಟ್ಟ ಹೆಸರು ‘ಬಿಗ್ ಹೌಸ್’. ಕೂರಲು 1,07,601 ಜಾಗ. ಬೀದಿಯಿಂದ ನೋಡಿದರೆ ಅಷ್ಟು ದೊಡ್ಡದೆಂದು ಅನ್ನಿಸುವುದಿಲ್ಲ, ಬಹುಪಾಲು ನೆಲದೊಳಗೇ ಇದೆ. ಬಾಗಿಲು ದಾಟಿದ ಕೂಡಲೇ ಕಾಲ ಕೆಳಗೆ ಭೂಮಿ ಬಾಯಿ ತೆರೆದಂತೆ ಇಡೀ ಬಟ್ಟಲು ಕಾಣಿಸಿತು. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತಂತೆ. ತಳದಲ್ಲಿ ಮಾತ್ರ ನೀರಿಲ್ಲ, ಹಸಿರಿದೆ.

ಒಂದೇ ಸುರಂಗದಿಂದ ಎರಡೂ ತಂಡಗಳು ಬರುತ್ತವೆ. ಮಿಶಿಗನ್ ಹುಡುಗರು ಹೊರಬಂದಾಗ ಅಂಗಳದ ನಡುವೆ ಒಂದು ನೀಲಿ ಬ್ಯಾನರ್ ಎತ್ತಿ ಹಿಡಿದಿದ್ದರು. ಅದು ಅಕ್ಷರ ಗಳಿಸಿದ ಹಳಬರ ಸಂಘವಾದ ‘ಎಂ ಕ್ಲಬ್’ನ ಬ್ಯಾನರ್. ಓಡಿಬಂದ ಒಬ್ಬೊಬ್ಬರೂ ಎಗರಿ ಅದನ್ನು ಮುಟ್ಟಿ ಮುಂದೆ ಹೋದರು. ಎಲ್ಲ ಬಣ್ಣದ ಕೈಗಳು. ಲಕ್ಷ ಜನರ ಕೂಗಿಗೆ ನಮ್ಮ ಬೆಂಚು ನಡುಗುತ್ತಿತ್ತು.

“ಅಜ್ಜಾ, ನೀವು ಓದಿದ್ದ ಆ ಪಂದ್ಯ ಎಲ್ಲಿ ನಡೆದದ್ದು?” ಎಂದು ಮೊಮ್ಮಗಳು ಕಿವಿಯ ಹತ್ತಿರ ಬಂದು ಕೇಳಿದಳು.

“ಇಲ್ಲೇ ಕಣಮ್ಮ. ಅವತ್ತೂ ಶನಿವಾರ.”

ಅವಳು ಕೂಗುವುದನ್ನು ನಿಲ್ಲಿಸಿ, ಎದುರಿನ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡುತ್ತ ಕೂತಳು.