ಬುಧವಾರ ಕೇಳುವ ಪ್ರಾರ್ಥನೆ ಭಾನುವಾರ ಯಾಕೆ ಬೇಡ?

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆಯ ಹೊತ್ತಿಗೆ ಹೆಂಗಸರು ಬಾಯಿಬಿಟ್ಟು ಪ್ರಾರ್ಥನೆ ಮಾಡುವ ಹಾಗಿಲ್ಲ. ಹಾಡಬಹುದು. ಎಲ್ಲರ ಜೊತೆ ಆಮೆನ್ ಹೇಳಬಹುದು. ಸಭೆ ನಡೆಸುವ ಹಿರಿಯರು "ಯಾರಾದರೂ ಒಬ್ಬರು ಪ್ರಾರ್ಥಿಸಿ" ಅಂದಾಗ ಏಳುವುದು ಗಂಡಸರು ಮಾತ್ರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಎಲ್ಲ ಸಭೆಗಳೂ ಹೀಗಿಲ್ಲ, ನಮ್ಮದು ಹೀಗಿದೆ. ಇದು ಸರಿಯಲ್ಲ ಅಂತ ನಾನು ನಂಬಿದ್ದೇನೆ. ಕಾಲ ಬದಲಾಗಿದೆ ಅನ್ನುವುದು ನನ್ನ ಕಾರಣ ಅಲ್ಲ. ನನ್ನ ಕಾರಣ ಬೈಬಲ್ಲಿನಲ್ಲೇ ಇದೆ.

ಬುಧವಾರದ ಮನೆ ಪ್ರಾರ್ಥನೆಗೆ ಬಂದವರಿಗೆ ನಮ್ಮ ದೊಡ್ಡಮ್ಮ ಗೊತ್ತು. ಮೊಣಕಾಲೂರಲು ಆಗುವುದಿಲ್ಲ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂರುತ್ತಾರೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು "ಅಪ್ಪಾ ತಂದೆಯೇ" ಅಂತ ಶುರು ಮಾಡಿದರೆ ಒಂದು ಮನೆಯನ್ನೂ ಬಿಡುವುದಿಲ್ಲ. ಬೆಂಗಳೂರಿಗೆ ಹೋದ ಹುಡುಗನ ಕೆಲಸ, ಬಸುರಿ ಸೊಸೆ, ಸಂಘದ ಸಾಲದ ಕಂತು, ಕೊಳೆ ಬಂದ ಅಡಿಕೆ, ಎಲ್ಲ ಬರುತ್ತದೆ. ಅರಳಗೋಡು ಕಡೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಹಬ್ಬಿ ಜನ ಸಾಯುತ್ತಿದ್ದ ಸಮಯ, 2019ರ ಜನವರಿ. ಆಗ ಅವರು ಪ್ರಾರ್ಥಿಸಿದ ಮಾತು ನನಗೆ ಇನ್ನೂ ನೆನಪಿದೆ: "ಸ್ವಾಮೀ, ದರಗು ತರೋಕೆ ಹೋದವರ ಕಾಲಿಗೆ ಉಣುಗು ಹತ್ತದ ಹಾಗೆ ನೋಡ್ಕೋ. ಎಣ್ಣೆ ಹಚ್ಚಿಕೊಳ್ಳೋಕೆ ಮರೆತವರನ್ನೂ ನೋಡ್ಕೋ." ಮರೆತವರನ್ನೂ! ಆ ರೂಮಿನಲ್ಲಿ ಉಣುಗು ಹತ್ತದಿರಲು ಹಚ್ಚುವ ಆ ಎಣ್ಣೆ ಹಚ್ಚದೆ ಕಾಡಿಗೆ ಹೋಗಿದ್ದವರು ಇದ್ದರು.

ಅದೇ ವಾರ ಭಾನುವಾರ ಒಬ್ಬ ಅಣ್ಣ ಎದ್ದು ಕಾಯಿಲೆಯವರಿಗಾಗಿ ಎರಡು ಮಾತು ಪ್ರಾರ್ಥಿಸಿದರು. ಮನಸ್ಸಿಟ್ಟೇ ಮಾಡಿದರು, ಅದರಲ್ಲಿ ಸಂಶಯ ಇಲ್ಲ. ಆದರೆ ಮಣಿಪಾಲಕ್ಕೆ ಹೋಗಿ ಕಾಯಿಲೆಯವರ ಮಂಚದ ಪಕ್ಕ ಕೂತು ಬಂದಿದ್ದ ಹೆಂಗಸು ಅಲ್ಲೇ ಬೆಂಚಿನ ಮೇಲಿದ್ದಳು. ಯಾರಿಗೆ ಜ್ವರ ಇಳಿದಿದೆ, ಯಾರು ಇನ್ನೂ ಕಣ್ಣು ಬಿಟ್ಟಿಲ್ಲ ಅಂತ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಸುಮ್ನೆ ಕೂತಿರಬೇಕಾಯಿತು.

ಕೇಳಿದರೆ ಹಿರಿಯರು 1 ಕೊರಿಂಥ 14:34 ತೆರೆಯುತ್ತಾರೆ, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕು ಅಂತ ಅಲ್ಲಿದೆ, ನಿಜ. ಆದರೆ ಅದೇ ಪತ್ರದ 11ನೇ ಅಧ್ಯಾಯ ನೋಡಿ. ಹೆಂಗಸು ಪ್ರಾರ್ಥಿಸುವಾಗ, ಪ್ರವಾದಿಸುವಾಗ, ಅಂದರೆ ದೇವರ ಪ್ರೇರಣೆಯಿಂದ ಮಾತಾಡುವಾಗ, ತಲೆಗೆ ಮುಸುಕು ಇರಬೇಕು ಅಂತ ಪೌಲ ಬರೆಯುತ್ತಾನೆ. ಅಂದರೆ ಅವಳು ಪ್ರಾರ್ಥಿಸುತ್ತಾಳೆ ಅನ್ನುವುದು ಅವನಿಗೆ ಗೊತ್ತಿತ್ತು. ಹೇಗೆ ಪ್ರಾರ್ಥಿಸಬೇಕು ಅಂತ ಹೇಳಿದನೇ ಹೊರತು ಬೇಡ ಅನ್ನಲಿಲ್ಲ. ನಾವು ಆ ಮುಸುಕನ್ನು ಮಾತ್ರ ಇಟ್ಟುಕೊಂಡು ಪ್ರಾರ್ಥನೆಯನ್ನು ಬಿಟ್ಟೆವು. ಪ್ರತಿ ವಾರ ತಲೆ ಮುಚ್ಚಿಕೊಂಡು ಬರುತ್ತೇವೆ, ಯಾವುದಕ್ಕಾಗಿ ಮುಚ್ಚಿಕೊಳ್ಳಿ ಅಂದನೋ ಅದನ್ನು ಮಾಡುವುದಿಲ್ಲ.

"ಅದು ಮನೆಯ ಪ್ರಾರ್ಥನೆ ಬಗ್ಗೆ ಹೇಳಿದ್ದು" ಅಂತ ಒಬ್ಬ ಹಿರಿಯರು ನನಗೆ ಉತ್ತರ ಕೊಟ್ಟರು. ಆದರೆ ಪ್ರವಾದನೆಯನ್ನು ಯಾರೂ ಒಬ್ಬರೇ ಅಡುಗೆಮನೆಯಲ್ಲಿ ಕೂತು ಮಾಡುವುದಿಲ್ಲ ಅಲ್ವಾ? ಅದು ಸಭೆಯ ಭಕ್ತಿವೃದ್ಧಿಗೆ ಅಂತ 14ನೇ ಅಧ್ಯಾಯದ ನಾಲ್ಕನೇ ವಚನವೇ ಹೇಳುತ್ತದೆ.

ಇನ್ನೊಂದು ವಿಷಯ ನಮ್ಮಲ್ಲಿ ಜಾಸ್ತಿ ಜನ ಗಮನಿಸಿದ ಹಾಗಿಲ್ಲ. ಆ 14ನೇ ಅಧ್ಯಾಯದಲ್ಲಿ ಮೌನವಾಗಿರಿ ಅಂತ ಹೇಳಿಸಿಕೊಂಡವರು ಹೆಂಗಸರು ಮಾತ್ರ ಅಲ್ಲ. ಅನ್ಯಭಾಷೆಯಲ್ಲಿ ಮಾತಾಡುವವನಿಗೆ ಅರ್ಥ ಹೇಳುವವರು ಇಲ್ಲದಿದ್ದರೆ ಅವನೂ ಸುಮ್ಮನಿರಬೇಕು, 28ನೇ ವಚನ. ಒಬ್ಬ ಪ್ರವಾದಿ ಮಾತಾಡುತ್ತಿರುವಾಗ ಪಕ್ಕದಲ್ಲಿ ಕೂತವನಿಗೆ ಪ್ರಕಟನೆ ಬಂದರೆ ಮೊದಲಿನವನು ಸುಮ್ಮನಾಗಬೇಕು, 30ನೇ ವಚನ. ಆ ಇಬ್ಬರಿಗೆ ಹೇಳಿದ್ದನ್ನು ನಾವು ಆ ಹೊತ್ತಿಗೆ ಹೇಳಿದ ಮಾತು ಅಂತ ಓದುತ್ತೇವೆ. ಹೆಂಗಸರಿಗೆ ಹೇಳಿದ್ದನ್ನು ಮಾತ್ರ ಜೀವಮಾನಕ್ಕೆ ಹೇಳಿದ ಮಾತು ಮಾಡಿದ್ದೇವೆ. ಏನಾದರೂ ತಿಳಿಯಬೇಕಿದ್ದರೆ ಮನೆಯಲ್ಲಿ ಗಂಡನನ್ನು ಕೇಳಲಿ ಅಂತ ಮುಂದಿನ ವಚನದಲ್ಲಿದೆ. ಹಾಗಾದರೆ ಅಲ್ಲಿ ಗಲಾಟೆ ಆಗುತ್ತಿದ್ದುದು ನಡುನಡುವೆ ಪ್ರಶ್ನೆ ಕೇಳುವುದರಿಂದ ಇರಬೇಕು ಅಂತ ನಾನು ಓದಿಕೊಳ್ಳುತ್ತೇನೆ. ದೇವರನ್ನು ಸ್ತುತಿಸಿದ್ದರಿಂದ ಅಲ್ಲ. ಕೈಸರೈಯ ಪಟ್ಟಣದಲ್ಲಿ ಪೌಲ ಉಳಿದುಕೊಂಡದ್ದು ಸುವಾರ್ತೆ ಸಾರುವ ಫಿಲಿಪ್ಪನ ಮನೆಯಲ್ಲಿ. ಆ ಮನೆಯ ನಾಲ್ವರು ಹೆಣ್ಣುಮಕ್ಕಳೂ ಪ್ರವಾದಿಸುವವರು. ಪೌಲ ಅವರ ಬಾಯಿ ಮುಚ್ಚಿಸಿದ ಅಂತ ಎಲ್ಲೂ ಬರೆದಿಲ್ಲ.

ಹೆಂಗಸು ಉಪದೇಶ ಮಾಡಬಾರದು, ಗಂಡಸಿನ ಮೇಲೆ ಅಧಿಕಾರ ನಡೆಸಬಾರದು ಅನ್ನುವ 1 ತಿಮೊಥೆಯ 2ನೇ ಅಧ್ಯಾಯದ ಮಾತು ಇದೆ, ಗೊತ್ತು. ಅದು ಉಪದೇಶ, ಅಧಿಕಾರದ ವಿಷಯ. ಅದಕ್ಕೆ ಇವತ್ತು ಕೈ ಹಾಕುವುದಿಲ್ಲ. ನಾನು ಕೇಳುತ್ತಿರುವುದು ಪ್ರಾರ್ಥನೆ ಮತ್ತು ಸಾಕ್ಷಿ (ದೇವರು ತನಗೆ ಮಾಡಿದ್ದನ್ನು ಹೇಳುವುದು), ಅಷ್ಟೇ.

ಬೇರೆ ಸಭೆಗಳು ಎಲ್ಲಿಗೋ ಹೋಗಿವೆ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತ ಅವರನ್ನು ಬಿಷಪ್ ಮಾಡಿತು. ಕಥೋಲಿಕರಲ್ಲಿ ಹೆಂಗಸರು ಪಾದ್ರಿ ಆಗುವ ಹಾಗಿಲ್ಲ, ಆದರೆ ಪೂಜೆಯಲ್ಲಿ ಬೈಬಲ್ ವಾಚನ ಓದುತ್ತಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಆ ಸೇವೆಗೆ ಹೆಂಗಸರನ್ನೂ ವಿಧಿವತ್ತಾಗಿ ನೇಮಿಸಬಹುದು ಅಂತ ನಿಯಮವನ್ನೇ ಬದಲಿಸಿದರು.

ನನಗೆ ಇವರಿಗಿಂತ ಹತ್ತಿರ ಅನ್ನಿಸುವುದು ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಮಾತು ಕೇಳಬೇಕಾಗಿ ಬಂದು ಅವರ ಅಪ್ಪ ಅನಂತ ಶಾಸ್ತ್ರಿ ಆ ಕಾಡಿಗೆ ಬಂದು ನೆಲೆಸಿದ್ದರು. ಅದೇ ಹುಡುಗಿ ಮುಂದೆ ಕ್ರೈಸ್ತಳಾಗಿ, ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದರು. 1905ರಲ್ಲಿ ಪುಣೆ ಹತ್ತಿರದ ಕೇಡಗಾಂವ್‌ನ ಅವರ ಮುಕ್ತಿ ಆಶ್ರಮದಲ್ಲಿ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಎಚ್ಚರ, ಆಯಿತು. ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದವರು ವಿಧವೆಯರು, ಬರಗಾಲದಲ್ಲಿ ಬದುಕಿ ಉಳಿದ ಹುಡುಗಿಯರು. ಉಜ್ಜೀವನ ಕೊಡು ಅಂತ ಪ್ರತಿ ಭಾನುವಾರ ಬೇಡುವ ನಾವು ಆ ಹುಡುಗಿಯರನ್ನು ನೆನೆಯಬೇಕು.

ನಾನು ಸಂಡೇ ಸ್ಕೂಲ್ ಟೀಚರ್. ಕಣ್ಣು ಮುಚ್ಚಿ ಕೈ ಜೋಡಿಸಿ ಪ್ರಾರ್ಥಿಸುವುದನ್ನು ನಾನೇ ಕಲಿಸಿದ ಹುಡುಗ ಈಗ ಪಿಯುಸಿ. ಈ ವರ್ಷ ದೀಕ್ಷಾಸ್ನಾನ ಆಗಿ, ಆರಾಧನೆಯಲ್ಲಿ ಎದ್ದು ಪ್ರಾರ್ಥಿಸುತ್ತಾನೆ. ಅವನ ದನಿ ಕೇಳಿ ನನಗೆ ಕಣ್ಣೀರು ಬಂತು, ಸಂತೋಷಕ್ಕೇ. ಆದರೆ ಅವನ ತಂಗಿಗೆ ನಾನು ಏನು ಹೇಳಲಿ? ಅವಳೂ ನನ್ನ ಕ್ಲಾಸಿನಲ್ಲೇ ಇದ್ದಾಳೆ, ಅಣ್ಣನಿಗಿಂತ ಚೆನ್ನಾಗಿ ಪ್ರಾರ್ಥಿಸುತ್ತಾಳೆ.

ದೊಡ್ಡಮ್ಮನಿಗೆ ಈಗ ಮನೆ ಮನೆಗೆ ನಡೆದು ಹೋಗಲು ಆಗುವುದಿಲ್ಲ. ಭಾನುವಾರ ಮಾತ್ರ ಮಗ ಆಟೋದಲ್ಲಿ ಕರೆತರುತ್ತಾನೆ. ಹೀಗಾಗಿ ನಮ್ಮ ಸಭೆಗೆ ಅವರ ಪ್ರಾರ್ಥನೆ ಕೇಳುವುದೇ ನಿಂತುಹೋಗಿದೆ.

ಅದಕ್ಕೆ ಹಿರಿಯರಿಗೆ ಒಂದು ಪತ್ರ ಬರೆದು ಕೊಟ್ಟಿದ್ದೇನೆ. ಕರ್ತನ ಮೇಜಿನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ನಂತರ ಹತ್ತು ನಿಮಿಷ ಬಿಡಿ, ಮನಸ್ಸು ಬಂದ ಸಹೋದರಿಯರು ಕೂತಲ್ಲೇ ಪ್ರಾರ್ಥಿಸಲಿ, ಪೀಠದ ಹತ್ತಿರ ಬರುವುದೂ ಬೇಡ. ಇದು ಆಗದು ಅಂತಾದರೆ, 11ನೇ ಅಧ್ಯಾಯವನ್ನು ಎಲ್ಲರ ಮುಂದೆ ಓದಿ, ಯಾಕೆ ಆಗದು ಅಂತ ಅಲ್ಲಿಂದಲೇ ತೋರಿಸಿ ಅಂತ ಕೇಳಿದ್ದೇನೆ.